ಪ್ರತಿಸ್ಪರ್ಧಿಯ ಸರಕಿಗೆ ನಮ್ಮ ಪೆಟ್ಟಿಗೆಯಲ್ಲಿ ಜಾಗ: ಕಾಮ್‌ಕಾಸ್ಟ್ ಪ್ರಕರಣದ ಒಂದು ಅಧ್ಯಯನ

ತಾನು ಹಣ ಹೂಡಿ, ವರ್ಷಗಟ್ಟಲೆ ತಿರುಗಾಡಿ ಕಟ್ಟಿದ ಮಾರಾಟದ ಜಾಲದಲ್ಲಿ ಪ್ರತಿಸ್ಪರ್ಧಿಯ ಸರಕಿಗೆ ಸ್ಥಳ ಕೊಡಬೇಕೆ, ಕೊಡುವುದಾದರೆ ಯಾವ ಷರತ್ತಿನ ಮೇಲೆ ಕೊಡಬೇಕು ಎಂಬ ಪ್ರಶ್ನೆ ನಮ್ಮ ಸದಸ್ಯ ಬಾಂಧವರಲ್ಲಿ ಅನೇಕರಿಗೆ ಒಂದಲ್ಲ ಒಂದು ಸಂದರ್ಭದಲ್ಲಿ ಎದುರಾಗಿರುತ್ತದೆ. ಸಾಮಾನ್ಯವಾಗಿ ಇದನ್ನು ಅಭಿಮಾನದ ಪ್ರಶ್ನೆಯೆಂದು ಭಾವಿಸಿ ಒಂದೇ ಮಾತಿನಲ್ಲಿ ತಳ್ಳಿಹಾಕುವವರುಂಟು. ಕಮಿಷನ್ನಿನ ಆಸೆಗೆ ಒಂದೇ ಮಾತಿನಲ್ಲಿ ಒಪ್ಪಿಕೊಳ್ಳುವವರೂ ಉಂಟು. ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕುವವರು ವಿರಳ.

ಮಧ್ಯ ಕರ್ನಾಟಕದ ಜಿಲ್ಲಾ ಕೇಂದ್ರವೊಂದರಲ್ಲಿ ರಸ್ಕ್, ಬನ್ನು ಮತ್ತು ಬಿಸ್ಕತ್ತು ತಯಾರಿಸುವ ನನ್ನ ಕಕ್ಷಿದಾರರೊಬ್ಬರಿದ್ದಾರೆ. ಅವರ ಬಳಿ ಮೂರು ಲೈನ್ ವ್ಯಾನುಗಳಿವೆ. ನಾಲ್ಕು ತಾಲ್ಲೂಕುಗಳ ಸುಮಾರು 400 ಅಂಗಡಿಗಳಿಗೆ ಅವು ವಾರಕ್ಕೆ ಎರಡು ಬಾರಿ ಹೋಗಿಬರುತ್ತವೆ. ಕೆಲವು ವರ್ಷಗಳ ಹಿಂದೆ ದೊಡ್ಡ ಬಿಸ್ಕತ್ತು ಕಂಪನಿಯೊಂದರ ಪ್ರತಿನಿಧಿ ಇವರಲ್ಲಿಗೆ ಬಂದು, ತಮ್ಮ ಸರಕನ್ನೂ ಇದೇ ವ್ಯಾನುಗಳಲ್ಲಿ ಒಯ್ದರೆ ಶೇಕಡಾ 5ರ ಕಮಿಷನ್ ಕೊಡುವುದಾಗಿ ಹೇಳಿದರು. ಕಕ್ಷಿದಾರರು ಅದೇ ಸಂಜೆ ನನ್ನ ಕಚೇರಿಗೆ ಬಂದರು. "ನಮ್ಮ ವ್ಯಾನಿನಲ್ಲೇ ಅವರ ಮಾಲು ಹೋದರೆ ನಮ್ಮ ಮಾಲು ಯಾರು ಕೇಳ್ತಾರೆ, ಆಡಿಟರೇ? ಹಾವಿಗೆ ಹಾಲೆರೆದ ಹಾಗೆ ಆಗೋದಿಲ್ಲವೆ?" ಎಂಬುದು ಅವರ ಪ್ರಶ್ನೆ.

ಉತ್ತರ ಹೇಳುವ ಮುನ್ನ ನಾನು ಅವರಿಗೆ ಅಮೆರಿಕದ ಕೇಬಲ್ ಟಿ.ವಿ. ಕಂಪನಿಯೊಂದರ ವೃತ್ತಾಂತವನ್ನು ವಿವರಿಸಿದೆ. ಅಷ್ಟು ದೂರದ, ಅಷ್ಟು ದೊಡ್ಡ ಕಂಪನಿಯ ಕಥೆ ಬೇಕರಿಗೇಕೆ ಎಂದು ಅವರು ಕೇಳಿದ್ದು ಸಹಜ. ದೊಡ್ಡ ಕಂಪನಿಗಳ ವಿಷಯದಲ್ಲಿ ನಮಗೊಂದು ಅನುಕೂಲವಿದೆ: ಅವುಗಳ ಲೆಕ್ಕಪತ್ರಗಳು ಪ್ರತಿ ಮೂರು ತಿಂಗಳಿಗೊಮ್ಮೆ ಬಹಿರಂಗವಾಗುತ್ತವೆ. ನೆರೆಮನೆಯ ವ್ಯಾಪಾರಿಯ ಲೆಕ್ಕವನ್ನು ಹೀಗೆ ಯಾರೂ ನಮಗೆ ತೋರಿಸುವುದಿಲ್ಲ.

ತಂತಿಯ ಒಡೆಯ, ಚಿತ್ರದ ಒಡೆಯ

ಕಾಮ್‌ಕಾಸ್ಟ್ ಕಂಪನಿಯ ಮೂಲ 1963ರಷ್ಟು ಹಿಂದಿನದು. ಮಿಸ್ಸಿಸ್ಸಿಪ್ಪಿ ರಾಜ್ಯದ ಟುಪೆಲೊ ಎಂಬ ಪಟ್ಟಣದಲ್ಲಿ ಸುಮಾರು 1,200 ಚಂದಾದಾರರಿದ್ದ ಚಿಕ್ಕ ಕೇಬಲ್ ಜಾಲವೊಂದನ್ನು ರಾಲ್ಫ್ ರಾಬರ್ಟ್ಸ್ ಎಂಬವರು ಖರೀದಿಸಿದರು. ಅಲ್ಲಿಂದ ಬೆಳೆದು, ಫಿಲಡೆಲ್ಫಿಯಾದಲ್ಲಿ ನೆಲೆಯೂರಿದ ಈ ಕಂಪನಿ ಮುಂದೆ ಆ ದೇಶದ ಅತಿ ದೊಡ್ಡ ಕೇಬಲ್ ಸಂಸ್ಥೆಯಾಯಿತು. 2011ರಲ್ಲಿ ಎನ್‌ಬಿಸಿ ಯೂನಿವರ್ಸಲ್ ಸಂಸ್ಥೆಯ ಬಹುಪಾಲನ್ನೂ 2013ರಲ್ಲಿ ಉಳಿದ ಪಾಲನ್ನೂ ಕೊಂಡು, ಮನೆಗೆ ತಂತಿ ಎಳೆಯುವ ಕೆಲಸದ ಜೊತೆಗೆ ಆ ತಂತಿಯಲ್ಲಿ ಹರಿಯುವ ಕಾರ್ಯಕ್ರಮಗಳನ್ನು ತಯಾರಿಸುವ ಕೆಲಸವನ್ನೂ ತನ್ನದಾಗಿಸಿಕೊಂಡಿತು. ಅಂದರೆ ಕಾರ್ಖಾನೆಯೂ ಅವರದೇ, ಲೈನ್ ವ್ಯಾನೂ ಅವರದೇ.

ಎದುರಾಳಿ ನೆಟ್‌ಫ್ಲಿಕ್ಸ್. 1997ರಲ್ಲಿ ಹುಟ್ಟಿ, ಚಲನಚಿತ್ರಗಳ ಡಿವಿಡಿಗಳನ್ನು ಅಂಚೆಯ ಮೂಲಕ ಬಾಡಿಗೆಗೆ ಕಳುಹಿಸುತ್ತಿದ್ದ ಸಂಸ್ಥೆ ಅದು. 2007ರಿಂದ ಅಂತರಜಾಲದ ಮೂಲಕವೇ ಚಿತ್ರಗಳನ್ನು ಮನೆಗೆ ಹರಿಸತೊಡಗಿತು. ಇದನ್ನೇ ಈಗ ಸ್ಟ್ರೀಮಿಂಗ್ ಎಂದು ಕರೆಯುತ್ತೇವೆ. ಅದಕ್ಕೆ ಸ್ವಂತ ತಂತಿಯಿರಲಿಲ್ಲ. ಕಾಮ್‌ಕಾಸ್ಟ್ ಮುಂತಾದವರು ನೆಲ ಅಗೆದು ಹಾಕಿದ ತಂತಿಯ ಮೇಲೆಯೇ ಅದರ ವ್ಯಾಪಾರ. ಕೇಬಲ್ ಚಂದಾ ರದ್ದುಪಡಿಸಿ ನೆಟ್‌ಫ್ಲಿಕ್ಸಿಗೆ ಹೋದ ಪ್ರತಿಯೊಂದು ಮನೆಯೂ ತನ್ನ ತಂತಿಯಿಂದಲೇ ತನಗೆ ನಷ್ಟ ತರುತ್ತಿದೆಯೆಂದು ಕೇಬಲ್ ಕಂಪನಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ.

ಇಬ್ಬರ ವೈಮನಸ್ಯ ಬಹಿರಂಗವಾಗಿಯೇ ನಡೆಯಿತು. ತನ್ನ ಸ್ವಂತ ಚಿತ್ರಸೇವೆಯನ್ನು ಎಕ್ಸ್‌ಬಾಕ್ಸ್ ಯಂತ್ರದಲ್ಲಿ ನೋಡಿದರೆ ಅದನ್ನು ಗ್ರಾಹಕನ ಮಾಸಿಕ ಡೇಟಾ ಮಿತಿಗೆ ಲೆಕ್ಕ ಹಾಕದೆ, ನೆಟ್‌ಫ್ಲಿಕ್ಸ್ ನೋಡಿದರೆ ಮಾತ್ರ ಲೆಕ್ಕ ಹಾಕುವುದು ಅನ್ಯಾಯವೆಂದು 2012ರಲ್ಲಿ ನೆಟ್‌ಫ್ಲಿಕ್ಸಿನ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ ದೂರಿದರು. 2013ರ ಕೊನೆಯ ವೇಳೆಗೆ ಕಾಮ್‌ಕಾಸ್ಟ್ ಗ್ರಾಹಕರಲ್ಲಿ ನೆಟ್‌ಫ್ಲಿಕ್ಸ್ ಚಿತ್ರಗಳು ತಡವರಿಸತೊಡಗಿದವು. 2014ರ ಫೆಬ್ರವರಿಯಲ್ಲಿ, ತನ್ನ ಜಾಲವನ್ನು ನೇರವಾಗಿ ಕಾಮ್‌ಕಾಸ್ಟ್ ಜಾಲಕ್ಕೆ ಜೋಡಿಸುವ ಸಲುವಾಗಿ ನೆಟ್‌ಫ್ಲಿಕ್ಸ್ ಹಣ ಕೊಡಲು ಒಪ್ಪಿತು. ಅದೇ ತಿಂಗಳು ಕಾಮ್‌ಕಾಸ್ಟ್ 4,500 ಕೋಟಿ ಡಾಲರ್ ಮೌಲ್ಯದ ಟೈಮ್ ವಾರ್ನರ್ ಕೇಬಲ್ ವಿಲೀನವನ್ನು ಘೋಷಿಸಿದಾಗ ನೆಟ್‌ಫ್ಲಿಕ್ಸ್ ಅದನ್ನು ಬಹಿರಂಗವಾಗಿ ವಿರೋಧಿಸಿತು. ಸರ್ಕಾರಿ ನಿಯಂತ್ರಕರ ಆಕ್ಷೇಪದಿಂದಾಗಿ 2015ರ ಏಪ್ರಿಲ್‌ನಲ್ಲಿ ಆ ವಿಲೀನವನ್ನು ಕೈಬಿಡಬೇಕಾಯಿತು.

ಹೀಗಿದ್ದ ಇಬ್ಬರು ಒಂದು ವರ್ಷದ ನಂತರ, 2016ರ ಜುಲೈನಲ್ಲಿ, ಒಪ್ಪಂದ ಮಾಡಿಕೊಂಡರು. ಕಾಮ್‌ಕಾಸ್ಟ್ ತನ್ನ ಎಕ್ಸ್1 ಸೆಟ್ ಟಾಪ್ ಬಾಕ್ಸಿನೊಳಗೇ ನೆಟ್‌ಫ್ಲಿಕ್ಸಿಗೆ ಜಾಗ ಕೊಟ್ಟಿತು; ನವೆಂಬರ್ ತಿಂಗಳಲ್ಲಿ ಸೇವೆ ಗ್ರಾಹಕರಿಗೆ ದೊರೆಯಿತು. ಹಣಕಾಸಿನ ಷರತ್ತುಗಳನ್ನು ಇಬ್ಬರೂ ಪ್ರಕಟಿಸಲಿಲ್ಲ. ಇಂಥ ಹೆಜ್ಜೆ ಇಟ್ಟವರಲ್ಲಿ ಕಾಮ್‌ಕಾಸ್ಟ್ ಮೊದಲಿಗನೂ ಅಲ್ಲ. ಬ್ರಿಟನ್ನಿನ ವರ್ಜಿನ್ ಮೀಡಿಯಾ 2013ರಲ್ಲೇ ತನ್ನ ಪೆಟ್ಟಿಗೆಗೆ ನೆಟ್‌ಫ್ಲಿಕ್ಸನ್ನು ಸೇರಿಸಿಕೊಂಡಿತ್ತು. ಅಮೆರಿಕದಲ್ಲಿಯೂ ಆರ್‌ಸಿಎನ್, ಗ್ರಾಂಡೆ, ಅಟ್ಲಾಂಟಿಕ್ ಬ್ರಾಡ್‌ಬ್ಯಾಂಡ್ ಎಂಬ ಚಿಕ್ಕ ಕೇಬಲ್ ಕಂಪನಿಗಳು 2014ರಲ್ಲಿ ಸೇರಿಸಿಕೊಂಡಿದ್ದವು. ಚಿಕ್ಕವರು ಮೊದಲು ಬಾಗಿದರು, ದೊಡ್ಡವರು ಕೊನೆಗೆ. ವ್ಯಾಪಾರದಲ್ಲಿ ಇದು ಅನೇಕ ಬಾರಿ ಕಂಡುಬರುವ ಕ್ರಮ.

ಲಾಭ ಯಾವ ಖಾತೆಯಲ್ಲಿ ಕುಳಿತಿದೆ?

ಕಾಮ್‌ಕಾಸ್ಟ್ ಬಾಗಿದ್ದೇಕೆ? ಉದಾರತೆಯಿಂದಲ್ಲ ಎಂಬುದು ಸ್ಪಷ್ಟ. ಕಂಪನಿಯ 2016ರ ಲೆಕ್ಕವನ್ನು ಖಾತೆವಾರು ಬಿಡಿಸಿ ನೋಡಿದರೆ ಉತ್ತರ ಸಿಗುತ್ತದೆ.

ಆ ವರ್ಷ ಕೇಬಲ್ ವಿಭಾಗಕ್ಕೆ ಟಿ.ವಿ. ಚಂದಾದಿಂದ ಬಂದ ಆದಾಯ ಸುಮಾರು 2,200 ಕೋಟಿ ಡಾಲರ್. ಬ್ರಾಡ್‌ಬ್ಯಾಂಡ್ ಅಂತರಜಾಲದಿಂದ ಬಂದದ್ದು ಸುಮಾರು 1,350 ಕೋಟಿ ಡಾಲರ್. ಮೇಲ್ನೋಟಕ್ಕೆ ಟಿ.ವಿ.ಯೇ ಮನೆಯ ಹಿರಿಯ ಮಗ. ಆದರೆ ಟಿ.ವಿ. ಆದಾಯದ ಅರ್ಧದಷ್ಟು ಭಾಗ ವಾಹಿನಿಗಳ ಒಡೆಯರಿಗೆ ಕಾರ್ಯಕ್ರಮ ಶುಲ್ಕವಾಗಿ ಹೊರಟುಹೋಗುತ್ತಿತ್ತು. ಕ್ರೀಡಾ ಪ್ರಸಾರದ ಹಕ್ಕುಗಳು ದುಬಾರಿಯಾದಂತೆಲ್ಲ ಈ ಶುಲ್ಕ ವರ್ಷ ವರ್ಷವೂ ಏರುತ್ತಿತ್ತು. ಬ್ರಾಡ್‌ಬ್ಯಾಂಡಿಗೆ ಇಂಥ ಖರ್ಚೇ ಇಲ್ಲ. ತಂತಿ ಒಮ್ಮೆ ಹಾಕಿದ ಮೇಲೆ ಅದರಲ್ಲಿ ಹರಿಯುವ ಮಾಹಿತಿಗೆ ಯಾರಿಗೂ ಶುಲ್ಕ ತೆರಬೇಕಾಗಿಲ್ಲ. ಇದಲ್ಲದೆ 2015ರಲ್ಲೇ ಕಂಪನಿಯ ಬ್ರಾಡ್‌ಬ್ಯಾಂಡ್ ಗ್ರಾಹಕರ ಸಂಖ್ಯೆ ಟಿ.ವಿ. ಚಂದಾದಾರರ ಸಂಖ್ಯೆಯನ್ನು ದಾಟಿತ್ತು.

ಆದ್ದರಿಂದ ನೆಟ್‌ಫ್ಲಿಕ್ಸ್ ಯಾವ ತಟ್ಟೆಯಿಂದ ಉಣ್ಣುತ್ತಿದೆ ಎಂಬುದು ಮುಖ್ಯ ಪ್ರಶ್ನೆಯಾಯಿತು. ಅದು ತಿನ್ನುತ್ತಿದ್ದುದು ಲಾಭದ ಪ್ರಮಾಣ ಕುಗ್ಗುತ್ತಿದ್ದ ಟಿ.ವಿ. ಖಾತೆಯನ್ನು. ಬ್ರಾಡ್‌ಬ್ಯಾಂಡ್ ಖಾತೆಗೆ ಅದು ಗ್ರಾಹಕ. ಹೆಚ್ಚು ಚಿತ್ರ ನೋಡುವವನು ಹೆಚ್ಚು ವೇಗದ ಸಂಪರ್ಕವನ್ನೇ ಕೇಳುತ್ತಾನೆ. ಒಬ್ಬನೇ ವ್ಯಕ್ತಿ ಒಂದು ಖಾತೆಗೆ ವೈರಿ, ಮತ್ತೊಂದಕ್ಕೆ ಗಿರಾಕಿ ಆಗಿರಬಲ್ಲ. ಎರಡೂ ಖಾತೆಗಳನ್ನು ಕೂಡಿಸಿ ಒಂದೇ ಲಾಭ ನಷ್ಟದ ಪಟ್ಟಿ ನೋಡುವವನಿಗೆ ಇದು ಗೋಚರಿಸುವುದಿಲ್ಲ.

ಇನ್ನೊಂದು ಕಾರಣ ಬಹಳ ಸಾಮಾನ್ಯವಾದದ್ದು. ನೆಟ್‌ಫ್ಲಿಕ್ಸ್ ನೋಡಬೇಕಾದರೆ ಗ್ರಾಹಕ ಅಲ್ಲಿಯವರೆಗೆ ಕೇಬಲ್ ಕಂಪನಿಯ ರಿಮೋಟನ್ನು ಕೆಳಗಿಟ್ಟು, ಟಿ.ವಿ.ಯ ಇನ್‌ಪುಟ್ ಬದಲಿಸಿ, ರೋಕು ಅಥವಾ ಆಪಲ್ ಕಂಪನಿಯ ಬೇರೊಂದು ಪುಟ್ಟ ಯಂತ್ರಕ್ಕೆ ಹೋಗಬೇಕಾಗುತ್ತಿತ್ತು. ಹೀಗೆ ಪ್ರತಿ ರಾತ್ರಿ ಕೇಬಲ್ ಪೆಟ್ಟಿಗೆಯಿಂದ ಹೊರಗೆ ಹೋದವನು ಒಂದು ತಿಂಗಳು ಅದರ ಬಿಲ್ಲು ನೋಡಿ, ಈ ಪೆಟ್ಟಿಗೆ ನನಗೇಕೆ ಎಂದು ಕೇಳುವುದು ಖಂಡಿತ. ಎಕ್ಸ್1 ಪೆಟ್ಟಿಗೆಯಲ್ಲಿ ನೆಟ್‌ಫ್ಲಿಕ್ಸ್ ಇದ್ದರೆ ಅವನು ಹೊರಗೆ ಹೋಗುವ ಪ್ರಸಂಗವೇ ಇಲ್ಲ. ನಟನ ಹೆಸರು ಹೇಳಿ ಹುಡುಕಿದರೆ ಕೇಬಲ್ ವಾಹಿನಿಯ ಚಿತ್ರವೂ ನೆಟ್‌ಫ್ಲಿಕ್ಸ್ ಚಿತ್ರವೂ ಒಂದೇ ಪಟ್ಟಿಯಲ್ಲಿ ಬರುತ್ತವೆ.

ಬೇಕರಿಯ ಲೆಕ್ಕ

ಈಗ ನಮ್ಮ ಬೇಕರಿಗೆ ಬರೋಣ. ಕಕ್ಷಿದಾರರ ತಿಂಗಳ ಮಾರಾಟ 18 ಲಕ್ಷ ರೂಪಾಯಿ. ಮೈದಾ, ಸಕ್ಕರೆ, ಕೊಬ್ಬು, ಪ್ಯಾಕಿಂಗ್, ಅಂಗಡಿಯವನ ರಿಯಾಯಿತಿ, ವಾಪಸಾತಿ ಮಾಲಿನ ನಷ್ಟ ಇವೆಲ್ಲ ಕಳೆದು ಉಳಿಯುವ ಮೊತ್ತ, ಕಾಸ್ಟಿಂಗ್ ಪರಿಭಾಷೆಯಲ್ಲಿ ಕಾಂಟ್ರಿಬ್ಯೂಷನ್, 4,32,000 ರೂಪಾಯಿ; ಅಂದರೆ ಶೇಕಡಾ 24. ಕಂಪನಿಯ ಸರಕು ತಿಂಗಳಿಗೆ 6 ಲಕ್ಷ ರೂಪಾಯಿಯಷ್ಟು ಹೋಗಬಹುದೆಂದು ಅಂದಾಜು. ಕಮಿಷನ್ 30,000 ರೂಪಾಯಿ.

ಅವರು ಮೊದಲು ಹಾಕಿಕೊಂಡು ಬಂದಿದ್ದ ಲೆಕ್ಕ ಹೀಗಿತ್ತು. ವ್ಯಾನುಗಳ ಕಂತು, ಚಾಲಕರ ಸಂಬಳ, ಡೀಸೆಲ್ ಸೇರಿ ತಿಂಗಳಿಗೆ 1,65,000 ರೂಪಾಯಿ ಖರ್ಚು. ವ್ಯಾನಿನ ಒಟ್ಟು 24 ಲಕ್ಷದ ಸರಕಿನಲ್ಲಿ ಕಂಪನಿಯದು ಕಾಲು ಭಾಗ; ಆದ್ದರಿಂದ ಖರ್ಚಿನ ಕಾಲು ಭಾಗ, 41,250 ರೂಪಾಯಿ, ಅವರ ಪಾಲಿನದು; 30,000 ಪಡೆದು 41,250 ಕೊಡುವುದೆಂತು? ತರ್ಕ ಚೆನ್ನಾಗಿದೆ, ಆದರೆ ತಪ್ಪು. ಕಂಪನಿಯ ಸರಕನ್ನು ಹೊರಲಿ ಬಿಡಲಿ, ಆ 1,65,000 ರೂಪಾಯಿ ಖರ್ಚಾಗಿಯೇ ಆಗುತ್ತದೆ. ವ್ಯಾನು ಮೂರನೆಯ ಒಂದು ಭಾಗ ಖಾಲಿಯಾಗಿಯೇ ಓಡುತ್ತಿತ್ತೆಂಬುದನ್ನು ಅವರೇ ಒಪ್ಪಿದರು. ನಿರ್ಣಯಕ್ಕೆ ಬೇಕಾದದ್ದು ಹೊಸದಾಗಿ ಹುಟ್ಟುವ ಖರ್ಚು ಮಾತ್ರ: ಹೆಚ್ಚಿನ ಇಳಿಸು-ಏರಿಸು, ಒಡಕು, ಅಲ್ಪ ಡೀಸೆಲ್ ಎಲ್ಲ ಸೇರಿ 6,000 ರೂಪಾಯಿ. ನಾಲ್ಕನೆಯ ವ್ಯಾನು ಕೊಳ್ಳಬೇಕಾಗಿ ಬಂದರೆ ಮಾತು ಬೇರೆ. ಆಗ ಅದರ ಖರ್ಚು ಪೂರ್ತಿಯಾಗಿ ಈ ವ್ಯವಹಾರದ ತಲೆಯ ಮೇಲೆ ಬೀಳುತ್ತದೆ.

ಎರಡನೆಯ ಭಯ ನಿಜವಾದದ್ದು. ತಮ್ಮ ಸ್ವಂತ ಮಾರಾಟ ಶೇಕಡಾ 8ರಷ್ಟು, ಅಂದರೆ 1,44,000 ರೂಪಾಯಿ, ಇಳಿಯಬಹುದೆಂದು ಅವರ ಅಂದಾಜು. ಸರಾಸರಿ ಶೇಕಡಾ 24ರಂತೆ ಕಳೆದುಹೋಗುವ ಕಾಂಟ್ರಿಬ್ಯೂಷನ್ 34,560. ಕಮಿಷನ್ 30,000ದಿಂದ ಇದನ್ನೂ 6,000 ಖರ್ಚನ್ನೂ ಕಳೆದರೆ ತಿಂಗಳಿಗೆ 10,560 ರೂಪಾಯಿ ನಷ್ಟ. ಇಲ್ಲಿಗೆ ಪ್ರಸ್ತಾವವನ್ನು ತಿರಸ್ಕರಿಸಬೇಕೆಂದು ತೋರುತ್ತದೆ.

ಆದರೆ ಶೇಕಡಾ 24 ಎಂಬುದು ಸರಾಸರಿ. ಸರಾಸರಿಯಷ್ಟು ಸುಳ್ಳು ಹೇಳುವ ಅಂಕಿ ಮತ್ತೊಂದಿಲ್ಲವೆಂದು ಮೂವತ್ತು ವರ್ಷಗಳ ವೃತ್ತಿಯಲ್ಲಿ ನನಗೆ ಮನವರಿಕೆಯಾಗಿದೆ. ಬಿಡಿಸಿ ನೋಡಿದಾಗ ರಸ್ಕ್ ಮತ್ತು ಬನ್ನಿನ ಮಾರಾಟ 12 ಲಕ್ಷ, ಕಾಂಟ್ರಿಬ್ಯೂಷನ್ ಶೇಕಡಾ 29. ಬಿಸ್ಕತ್ತಿನ ಮಾರಾಟ 6 ಲಕ್ಷ, ಕಾಂಟ್ರಿಬ್ಯೂಷನ್ ಕೇವಲ ಶೇಕಡಾ 14. ದೊಡ್ಡ ಕಂಪನಿಯ ಬಿಸ್ಕತ್ತು ಬಂದರೆ ಪೆಟ್ಟು ಬೀಳುವುದು ಇವರ ಬಿಸ್ಕತ್ತಿಗೆ. ತಾಜಾ ಬನ್ನಿಗಾಗಲಿ ರಸ್ಕಿಗಾಗಲಿ ಅಲ್ಲ. 1,44,000 ಇಳಿತ ಪೂರ್ತಿ ಬಿಸ್ಕತ್ತಿನಲ್ಲೇ ಆಯಿತೆಂದು ಹಿಡಿದರೆ ನಷ್ಟ 20,160. ಆಗ ನಿವ್ವಳ ಫಲ ತಿಂಗಳಿಗೆ 3,840 ರೂಪಾಯಿ ಲಾಭ. ಮಾರಾಟದ ಇಳಿತ ಅಷ್ಟೇ, ಕಮಿಷನ್ನೂ ಅಷ್ಟೇ. ಖಾತೆ ಬದಲಾದದ್ದರಿಂದ ತೀರ್ಪು ಬದಲಾಯಿತು. ಅದೇ ಕಂಪನಿ ರಸ್ಕನ್ನು ವ್ಯಾನಿಗೆ ಹಾಕಲು ಬಂದಿದ್ದರೆ, ಶೇಕಡಾ 29ರಂತೆ 41,760 ಕಳೆದುಹೋಗಿ, ನಿವ್ವಳ 17,760 ರೂಪಾಯಿ ನಷ್ಟವಾಗುತ್ತಿತ್ತು, ನಾನೇ ಬೇಡವೆನ್ನುತ್ತಿದ್ದೆ.

ಕೊನೆಯದಾಗಿ, ಉಳಿಯುವ ಅಂಗಡಿಗಳ ಲೆಕ್ಕ. ಹಿಂದಿನ ವರ್ಷ 40 ಅಂಗಡಿಗಳು ಇವರ ಸರಕನ್ನು ನಿಲ್ಲಿಸಿದ್ದವು. ಅನೇಕರು ಹೇಳಿದ ಕಾರಣ ಒಂದೇ: ಎರಡು ಮೂರು ಬಗೆಯ ಸರಕಿಗಾಗಿ ಪ್ರತ್ಯೇಕ ವ್ಯಾನು, ಪ್ರತ್ಯೇಕ ಬಿಲ್ಲು, ಪ್ರತ್ಯೇಕ ಪಾವತಿಯ ತಾಪತ್ರಯ ಬೇಡ. ಒಂದು ಅಂಗಡಿಯ ಸರಾಸರಿ ಖರೀದಿ ತಿಂಗಳಿಗೆ 4,500 ರೂಪಾಯಿ. ಅದರಲ್ಲಿ ಕಾಂಟ್ರಿಬ್ಯೂಷನ್ 1,080. ಮೇಲಿನ ಕೆಟ್ಟ ಸರಾಸರಿಯನ್ನೇ ಹಿಡಿದು 10,560 ರೂಪಾಯಿ ನಷ್ಟವೆಂದುಕೊಂಡರೂ, 10 ಅಂಗಡಿಗಳು ಕೈಬಿಡದೆ ಉಳಿದರೆ ಆ ನಷ್ಟ ತುಂಬುತ್ತದೆ. ಕಾಮ್‌ಕಾಸ್ಟ್ ತನ್ನ ಪೆಟ್ಟಿಗೆಯ ವಿಷಯದಲ್ಲಿ ಮಾಡಿದ್ದು ಈ ಜಾತಿಯ ಲೆಕ್ಕವೇ. ಅಲ್ಲಿ ಅಂಗಡಿಯ ಬದಲು ಮನೆ, ರಸ್ಕಿನ ಬದಲು ಬ್ರಾಡ್‌ಬ್ಯಾಂಡ್.

ಪೆಟ್ಟಿಗೆಯ ಕೀಲಿ

ಲೆಕ್ಕ ಸರಿಹೋದ ಮಾತ್ರಕ್ಕೆ ಒಪ್ಪಂದಕ್ಕೆ ಸಹಿ ಹಾಕಬಾರದು. ಜಾಗ ಕೊಟ್ಟ ಮೇಲೂ ಜಾಗದ ಒಡೆತನ ನಮ್ಮಲ್ಲೇ ಉಳಿಯುತ್ತದೆಯೇ ಎಂಬುದನ್ನು ನೋಡಬೇಕು.

ಅಮೆರಿಕದಲ್ಲಿ ಈ ಪೆಟ್ಟಿಗೆಯೇ ಒಂದು ದೊಡ್ಡ ಆದಾಯ ಮೂಲ. ಅಲ್ಲಿನ ಸಂಪರ್ಕ ನಿಯಂತ್ರಣ ಆಯೋಗವು 2016ರ ಆರಂಭದಲ್ಲಿ ಕೊಟ್ಟ ಅಂಕಿಗಳ ಪ್ರಕಾರ ಶೇಕಡಾ 99ರಷ್ಟು ಚಂದಾದಾರರು ಪೆಟ್ಟಿಗೆಯನ್ನು ಕಂಪನಿಯಿಂದಲೇ ಬಾಡಿಗೆಗೆ ಪಡೆಯುತ್ತಿದ್ದರು. ಸರಾಸರಿ ಕುಟುಂಬ ಇದಕ್ಕಾಗಿ ವರ್ಷಕ್ಕೆ 231 ಡಾಲರ್ ತೆರುತ್ತಿತ್ತು. ಕೇಬಲ್ ವಾಹಿನಿಗಳನ್ನು ಇತರರ ಯಂತ್ರಗಳಲ್ಲಿಯೂ ನೋಡಲು ಅವಕಾಶ ಕೊಡಬೇಕೆಂಬ ನಿಯಮವನ್ನು ಆಯೋಗ ಆಗ ಪ್ರಸ್ತಾಪಿಸಿತು. ಕೇಬಲ್ ಕಂಪನಿಗಳು ಬಲವಾಗಿ ವಿರೋಧಿಸಿದವು. ಆ ಸೆಪ್ಟೆಂಬರಿನಲ್ಲಿ ಮತದಾನ ಮುಂದೂಡಲ್ಪಟ್ಟು, ಪ್ರಸ್ತಾವ ಕೊನೆಗೂ ಜಾರಿಯಾಗಲಿಲ್ಲ. ಕಾನೂನು ಬಲವಂತದಿಂದ ಬಾಗಿಲು ತೆರೆಸುವ ಮೊದಲೇ ತಾನಾಗಿ ಒಂದು ಕಿಟಕಿ ತೆರೆಯುವುದು ಮೇಲೆಂದು ಕಾಮ್‌ಕಾಸ್ಟಿಗೆ ಅನಿಸಿರಬಹುದು. ಇದು ನನ್ನ ಊಹೆ ಮಾತ್ರ. ಆದರೆ ದಿನಾಂಕಗಳು ಒಂದರ ಪಕ್ಕದಲ್ಲೊಂದು ಕುಳಿತಿವೆ.

ಒಮ್ಮೆ ಕಿಟಕಿ ತೆರೆದ ಮೇಲೆ ಇತರರೂ ಬಂದರು. ಯೂಟ್ಯೂಬನ್ನು ಸೇರಿಸುವುದಾಗಿ 2017ರಲ್ಲಿ ಘೋಷಿಸಲಾಯಿತು. ಅಮೆಜಾನ್ ಪ್ರೈಮ್ ವಿಡಿಯೊ 2018ರ ಡಿಸೆಂಬರಿನಲ್ಲಿ ಬಂತು. 2018ರ ಏಪ್ರಿಲ್‌ನಲ್ಲಿ ಕಾಮ್‌ಕಾಸ್ಟ್ ಇನ್ನೊಂದು ಹೆಜ್ಜೆ ಮುಂದಿಟ್ಟು, ನೆಟ್‌ಫ್ಲಿಕ್ಸ್ ಚಂದಾವನ್ನು ತನ್ನ ಪ್ಯಾಕೇಜುಗಳಲ್ಲೇ ಸೇರಿಸಿ ತನ್ನ ಬಿಲ್ಲಿನಲ್ಲೇ ವಸೂಲು ಮಾಡುವ ಯೋಜನೆಯನ್ನು ಪ್ರಕಟಿಸಿತು. ಬಿಲ್ಲು ಯಾರ ಹೆಸರಿನಲ್ಲಿ ಹೋಗುತ್ತದೆಯೋ ಗ್ರಾಹಕ ಅವನ ಗ್ರಾಹಕ. ಹುಡುಕುವ ಪುಟ, ರಿಮೋಟಿನ ಗುಂಡಿ, ತಿಂಗಳ ಬಿಲ್ಲು ಈ ಮೂರನ್ನೂ ಕೈಯಲ್ಲಿಟ್ಟುಕೊಂಡು ಉಳಿದದ್ದಕ್ಕೆ ಮಾತ್ರ ಜಾಗ ಕೊಟ್ಟದ್ದು ಕಾಮ್‌ಕಾಸ್ಟಿನ ಜಾಣತನ.

ಜಾಗದ ಬೆಲೆಯೇನೆಂಬುದು ಕಾಮ್‌ಕಾಸ್ಟಿಗೆ ಮತ್ತಷ್ಟು ಚೆನ್ನಾಗಿ ತಿಳಿದದ್ದು 2020ರಲ್ಲಿ, ತಾನೇ ಜಾಗ ಕೇಳುವವನಾದಾಗ. ಆ ಜುಲೈನಲ್ಲಿ ಅದು ಪೀಕಾಕ್ ಎಂಬ ಸ್ವಂತ ಸ್ಟ್ರೀಮಿಂಗ್ ಸೇವೆಯನ್ನು ದೇಶಾದ್ಯಂತ ಆರಂಭಿಸಿತು. ಅಷ್ಟು ಹೊತ್ತಿಗೆ ಕೋಟ್ಯಂತರ ಮನೆಗಳಲ್ಲಿ ಟಿ.ವಿ.ಯ ಹೆಬ್ಬಾಗಿಲು ರೋಕು ಮತ್ತು ಅಮೆಜಾನ್ ಯಂತ್ರಗಳ ವಶವಾಗಿತ್ತು. ರೋಕುವಿನೊಡನೆ ಒಪ್ಪಂದ ಕುದುರಲು ಸೆಪ್ಟೆಂಬರ್ ಬರಬೇಕಾಯಿತು. ಅಮೆಜಾನ್ ಯಂತ್ರದಲ್ಲಿ ಪೀಕಾಕ್ ಕಾಣಿಸಿಕೊಂಡದ್ದು 2021ರ ಜೂನ್‌ನಲ್ಲಿ. ಹತ್ತು ವರ್ಷ ಅಂಗಡಿಯ ಗಲ್ಲೆಯ ಮೇಲೆ ಕುಳಿತವನು ಈಗ ಮಾದರಿ ಚೀಲ ಹಿಡಿದು ಬೇರೆಯವರ ಅಂಗಡಿಯ ಮುಂದೆ ನಿಲ್ಲಬೇಕಾಯಿತು.

ಫಲಿತಾಂಶವೇನು?

ಓದುಗರು ಇಲ್ಲಿ ನ್ಯಾಯವಾಗಿಯೇ ಕೇಳಬಹುದು: ಇಷ್ಟೆಲ್ಲ ಮಾಡಿ ಕಾಮ್‌ಕಾಸ್ಟ್ ಟಿ.ವಿ. ವ್ಯಾಪಾರವನ್ನು ಉಳಿಸಿಕೊಂಡಿತೇ? ಇಲ್ಲ. 2016ರಲ್ಲಿ 1,61,000 ಟಿ.ವಿ. ಚಂದಾದಾರರು ಹೆಚ್ಚಿದರು, ಅದು ಹತ್ತು ವರ್ಷಗಳಲ್ಲೇ ಅತ್ಯುತ್ತಮ ಸಾಧನೆ. ಇದರ ಶ್ರೇಯಸ್ಸನ್ನು ನೆಟ್‌ಫ್ಲಿಕ್ಸಿಗೆ ಕೊಡಲಾಗದು, ಏಕೆಂದರೆ ಅದು ಪೆಟ್ಟಿಗೆಗೆ ಬಂದದ್ದೇ ವರ್ಷದ ಕೊನೆಯಲ್ಲಿ. 2017ರಿಂದ ಇಳಿತ ಆರಂಭವಾಯಿತು. 2016ರ ಕೊನೆಯಲ್ಲಿ ಸುಮಾರು 2.25 ಕೋಟಿಯಿದ್ದ ಟಿ.ವಿ. ಚಂದಾದಾರರು 2024ರ ಕೊನೆಗೆ ಸುಮಾರು 1.25 ಕೋಟಿಯಾದರು. ಅದೇ ಅವಧಿಯಲ್ಲಿ ಬ್ರಾಡ್‌ಬ್ಯಾಂಡ್ ಗ್ರಾಹಕರು ಸುಮಾರು 2.47 ಕೋಟಿಯಿಂದ ಸುಮಾರು 3.18 ಕೋಟಿಗೆ ಏರಿದರು. 14 ಪ್ರತಿಶತದ ಬಿಸ್ಕತ್ತು ಕರಗಿತು, 29 ಪ್ರತಿಶತದ ರಸ್ಕ್ ಬೆಳೆಯಿತು ಎಂದು ನಮ್ಮ ಭಾಷೆಯಲ್ಲಿ ಹೇಳಬಹುದು.

ಕಂಪನಿಯೂ ಇದನ್ನು ಮುಚ್ಚಿಡಲಿಲ್ಲ. 2019ರಲ್ಲಿ ಅದು ಫ್ಲೆಕ್ಸ್ ಎಂಬ ಪೆಟ್ಟಿಗೆಯನ್ನು ಹೊರತಂದಿತು. ಇದರಲ್ಲಿ ಕೇಬಲ್ ವಾಹಿನಿಗಳೇ ಇಲ್ಲ. ಬರಿಯ ಸ್ಟ್ರೀಮಿಂಗ್ ಸೇವೆಗಳು. ಮಾರ್ಚ್‌ನಲ್ಲಿ ತಿಂಗಳಿಗೆ 5 ಡಾಲರ್ ಬಾಡಿಗೆಯಿತ್ತು. ಸೆಪ್ಟೆಂಬರಿನಲ್ಲಿ ಬ್ರಾಡ್‌ಬ್ಯಾಂಡ್ ಗ್ರಾಹಕರಿಗೆ ಉಚಿತ ಮಾಡಿತು. ಪೆಟ್ಟಿಗೆಯಿಂದ ಬಾಡಿಗೆ ವಸೂಲು ಮಾಡುತ್ತಿದ್ದವರು ಪೆಟ್ಟಿಗೆಯನ್ನೇ ಪುಕ್ಕಟೆ ಕೊಟ್ಟರೆಂದರೆ ಲಾಭ ಯಾವ ಖಾತೆಗೆ ಸರಿದಿತ್ತೆಂಬುದು ಸ್ಪಷ್ಟವಾಗುತ್ತದೆ. 2024ರ ಮೇ ತಿಂಗಳಲ್ಲಿ ಪೀಕಾಕ್, ಜಾಹೀರಾತುಸಹಿತ ನೆಟ್‌ಫ್ಲಿಕ್ಸ್ ಮತ್ತು ಆಪಲ್ ಟಿ.ವಿ. ಪ್ಲಸ್ ಮೂರನ್ನೂ ಒಟ್ಟುಗೂಡಿಸಿ ತಿಂಗಳಿಗೆ 15 ಡಾಲರಿಗೆ ತನ್ನ ಗ್ರಾಹಕರಿಗೆ ನೀಡಿತು; ಅದೇ ನವೆಂಬರಿನಲ್ಲಿ ತನ್ನ ಬಹುತೇಕ ಕೇಬಲ್ ವಾಹಿನಿಗಳನ್ನು ಪ್ರತ್ಯೇಕ ಕಂಪನಿಯಾಗಿ ಬೇರ್ಪಡಿಸುವ ನಿರ್ಧಾರ ಪ್ರಕಟಿಸಿತು.

ನಮ್ಮಲ್ಲಿನ ಸ್ಥಿತಿ

ನಮ್ಮಲ್ಲಿಯೂ ಈ ಪ್ರಶ್ನೆ ಬಂದಿದೆ. ಬೆಂಗಳೂರು, ಮೈಸೂರುಗಳಲ್ಲಿ ಕೇಬಲ್ ಡಿಜಿಟಲೀಕರಣಕ್ಕೆ 2013ರ ಮಾರ್ಚ್ 31 ಗಡುವಾಗಿತ್ತು. ಅಂದಿನಿಂದ ಪೆಟ್ಟಿಗೆ ಮನೆಮನೆಗೆ ಬಂತು. ಹಾಥ್‌ವೇ ಸಂಸ್ಥೆ 2018ರಲ್ಲಿ ನೆಟ್‌ಫ್ಲಿಕ್ಸಿನೊಡನೆ ಕೈಜೋಡಿಸಿತು. ಡಿಟಿಎಚ್ ಕ್ಷೇತ್ರದ ಟಾಟಾ ಸ್ಕೈ 2022ರ ಜನವರಿಯಲ್ಲಿ ಟಾಟಾ ಪ್ಲೇ ಎಂದು ಹೆಸರು ಬದಲಿಸಿ, ನೆಟ್‌ಫ್ಲಿಕ್ಸ್ ಸೇರಿದ ಪ್ಯಾಕುಗಳನ್ನು ಹೊರತಂದಿತು. ನಮ್ಮ ಊರುಗಳ ಕೇಬಲ್ ಆಪರೇಟರುಗಳು ಗಮನಿಸಬೇಕಾದ ವ್ಯತ್ಯಾಸವೊಂದಿದೆ. ವಾಹಿನಿಗಳ ವಿಷಯದಲ್ಲಿ ಟ್ರಾಯ್ ನಿಯಮಾವಳಿಯು ವಿತರಕನಿಗೆ ಕನಿಷ್ಠ ಶೇಕಡಾ 20ರ ವಿತರಣಾ ಶುಲ್ಕವನ್ನು ನಿಗದಿಪಡಿಸಿದೆ. ಸ್ಟ್ರೀಮಿಂಗ್ ಸೇವೆಗಳಿಗೆ ಇಂಥ ಕನಿಷ್ಠವಿಲ್ಲ. ಚೌಕಾಸಿಯಲ್ಲಿ ಏನು ಕುದುರುತ್ತದೆಯೋ ಅಷ್ಟೇ. ಮತ್ತು ಅನೇಕ ಆಪರೇಟರುಗಳಿಗೆ ಕಾಮ್‌ಕಾಸ್ಟಿನಂತೆ ಸ್ವಂತ ಬ್ರಾಡ್‌ಬ್ಯಾಂಡ್ ಇಲ್ಲ. ರಸ್ಕಿಲ್ಲದೆ ಬರಿಯ ಬಿಸ್ಕತ್ತು ಮಾರುವವನು ವ್ಯಾನಿಗೆ ದೊಡ್ಡ ಕಂಪನಿಯ ಬಿಸ್ಕತ್ತು ಹಾಕಿಕೊಂಡರೆ ಅವನಿಗೆ ಉಳಿಯುವುದು ಕಮಿಷನ್ ಮಾತ್ರ.

ಲೆಕ್ಕಪತ್ರ ಮತ್ತು ತೆರಿಗೆ

ಈ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಇತರರ ಸರಕನ್ನು ಏಜೆಂಟರಾಗಿ ಮಾರಿದರೆ ನಮ್ಮ ಆದಾಯ ಕಮಿಷನ್ ಮಾತ್ರ. ಲೆಕ್ಕ ಮಾನಕ 9 ಇದನ್ನು ಸ್ಪಷ್ಟವಾಗಿ ಹೇಳುತ್ತದೆ. 6 ಲಕ್ಷವನ್ನು ಮಾರಾಟವೆಂದು ತೋರಿಸಿ ಬ್ಯಾಂಕಿನ ಮುಂದೆ ವಹಿವಾಟು ಹಿಗ್ಗಿಸುವ ಚಾಳಿ ಕೆಲವರಲ್ಲಿದೆ. ಲಾಭದ ಶೇಕಡಾವಾರು ಪ್ರಮಾಣ ಕುಸಿದು ಅದೇ ಬ್ಯಾಂಕು ಪ್ರಶ್ನೆ ಕೇಳುವಾಗ ಅದರ ಫಲ ತಿಳಿಯುತ್ತದೆ. ಸರಕು ಸೇವಾ ತೆರಿಗೆಯಲ್ಲಿ ಬಿಲ್ಲು ಯಾರ ಹೆಸರಿನಲ್ಲಿ ಹೊರಡುತ್ತದೆ ಎಂಬುದರ ಮೇಲೆ ಹೊಣೆ ನಿರ್ಧಾರವಾಗುವುದರಿಂದ ಅದನ್ನು ಕರಾರಿನಲ್ಲೇ ಬರೆಸಬೇಕು. ಬೇರೆ ಬೇರೆ ದರದ ಸರಕುಗಳನ್ನು ಒಂದೇ ಬೆಲೆಯ ಕಟ್ಟಾಗಿ ಮಾರಿದರೆ ಅದು ಮಿಶ್ರ ಪೂರೈಕೆಯಾಗಿ, ಇಡೀ ಕಟ್ಟಿಗೆ ಹೆಚ್ಚಿನ ದರವೇ ಅನ್ವಯಿಸುತ್ತದೆ. ಹಬ್ಬದ ಪ್ಯಾಕು ಮಾಡುವವರು ಇದನ್ನು ಮರೆಯುತ್ತಾರೆ.

ಕಕ್ಷಿದಾರರು ಕೊನೆಗೆ ಒಪ್ಪಿಕೊಂಡರು, ಆದರೆ ಕರಾರನ್ನು ಒಂದು ವರ್ಷಕ್ಕೆ ಮಾತ್ರ ಮಾಡಿಕೊಂಡರು. ಬಿಲ್ಲು ಪುಸ್ತಕ ಅವರದೇ, ವಸೂಲಿ ಅವರದೇ. ಕಂಪನಿಯ ಪ್ರತಿನಿಧಿ ವ್ಯಾನಿನಲ್ಲಿ ಕೂರುವಂತಿಲ್ಲ. ಕಂಪನಿ ರಸ್ಕನ್ನು ವ್ಯಾನಿಗೆ ಹಾಕುವಂತಿಲ್ಲ. ಆ ವರ್ಷ ಕೈಬಿಟ್ಟ ಅಂಗಡಿಗಳು 17. ಅವರ ಬಿಸ್ಕತ್ತಿನ ಮಾರಾಟ ನಾವು ಅಂದಾಜು ಮಾಡಿದ್ದಕ್ಕಿಂತಲೂ ಹೆಚ್ಚು ಇಳಿಯಿತು, ರಸ್ಕ್ ಇಳಿಯಲಿಲ್ಲ. ಕರಾರಿನ ನವೀಕರಣಕ್ಕೆ ಬಂದಾಗ ಕಂಪನಿಯವರು ಅಂಗಡಿವಾರು ಮಾರಾಟದ ಪಟ್ಟಿಯನ್ನು ವಾರ ವಾರವೂ ಕೊಡಬೇಕೆಂಬ ಹೊಸ ಷರತ್ತನ್ನು ಸೇರಿಸಿದ್ದರು. "ಇದು ಕೊಟ್ಟರೆ ಏನಾಗುತ್ತೆ, ಆಡಿಟರೇ?" ಎಂದು ಫೋನು ಮಾಡಿದರು. "ಮುಂದಿನ ವರ್ಷ ಅವರ ವ್ಯಾನು ಬರುತ್ತದೆ" ಎಂದೆ. ತಾಲ್ಲೂಕುವಾರು ಮೊತ್ತವನ್ನಷ್ಟೇ ಕೊಡುವುದೆಂದು ಮೂರು ವಾರಗಳ ಚೌಕಾಸಿಯ ನಂತರ ತೀರ್ಮಾನವಾಯಿತು. ಕಮಿಷನ್ ಅರ್ಧ ಪ್ರತಿಶತ ಕಡಿಮೆಯಾಯಿತು. ಬಿಸ್ಕತ್ತಿನ ಯಂತ್ರವನ್ನು ಅವರು ಕಳೆದ ಆರ್ಥಿಕ ವರ್ಷದಲ್ಲಿ ಮಾರಿ, ಆ ಜಾಗದಲ್ಲಿ ರಸ್ಕಿಗೆ ಎರಡನೆಯ ಓವನ್ ಹಾಕಿಸಿದ್ದಾರೆ.